ಅಬ್ಬಾ ಬಂದ ಮೇಲೆಯೇ ಮುಚ್ಚಳ

ಮೊಮ್ಮಗಳು ಬ್ಲೂಬೆರಿ ಮಫಿನ್ ಮಾಡುತ್ತಿದ್ದಾಳೆ. ಹುಳಿಸಿಹಿ ಹಣ್ಣು ಬಿಸಿಗೆ ಒಡೆದ ಪರಿಮಳ ಮನೆ ತುಂಬಿದೆ. ತೊಂಬತ್ತು ದಾಟಿದ ನನ್ನ ಮೂಗು ನೇರವಾಗಿ ಯಲ್ಲಾಪುರದ ನಮ್ಮ ಹಳೇ ಅಡುಗೆಮನೆಗೆ ಹೋಗಿಬಿಟ್ಟಿತು.

ಆಗಿನ್ನೂ ಬ್ರಿಟಿಷರ ಕಾಲ. ಅಬ್ಬಾ, ಅಂದರೆ ನಮ್ಮ ಅಪ್ಪ, ಶಿರಸಿ ಬಸ್ಸಿನ ಡ್ರೈವರ್. ಅಮ್ಮ ರವೆ, ಬೆಲ್ಲ, ಮೊಟ್ಟೆ ಕಲಸಿ, ಕಾಡಿನ ಮುಳ್ಳುಪೊದೆಯಲ್ಲಿ ಬಿಡುವ, ನಾವು ಮಕ್ಕಳು ಬೀಜ ತೆಗೆದುಕೊಟ್ಟ ಹುಳಿಸಿಹಿ ಕವಳಿ ಹಣ್ಣು ಸೇರಿಸಿ, ತಾಮ್ರದ ಪಾತ್ರೆಯಲ್ಲಿ ಕೇಕು ಮಾಡುತ್ತಿದ್ದಳು. ಮನೆಯಲ್ಲಿ ಗಡಿಯಾರ ಇರಲಿಲ್ಲ. ಸಂಜೆ ಬಸ್ಸು ನಮ್ಮ ಮನೆ ಮುಂದೆ ಹಾರ್ನ್ ಹೊಡೆದು ಸ್ಟ್ಯಾಂಡಿಗೆ ಹೋದ ಕೂಡಲೇ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಸುರಿಯುತ್ತಿದ್ದಳು. ಅಬ್ಬಾ ಬಸ್ಸು ತೊಳೆದು, ನಡೆದು ಬಂದು ಹೊಸಿಲು ದಾಟಿದರೆ ಕೇಕು ಬೆಂದಿತೆಂದೇ ಲೆಕ್ಕ.

ಒಂದು ದಿನ ಬಸ್ಸು ಹೋಯಿತು, ಅಬ್ಬಾ ಬರಲಿಲ್ಲ. ಕತ್ತಲಾಗುತ್ತ ಬಂತು.

“ಅಮ್ಮಾ, ಸೀದ ವಾಸನೆ ಬರ್ತದೆ,” ಎಂದೆ.

“ಅವರು ಬರೋ ತನಕ ಮುಚ್ಚಳ ಮುಟ್ಟಬೇಡ!” ಎಂದಳು ಅಮ್ಮ. ತೆಗೆದರೆ ಅವರು ಬರುವುದೇ ಇಲ್ಲವೇನೋ ಎಂಬಂತೆ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ.

ಕೊನೆಗೂ ಅಬ್ಬಾ ಬಂದರು. ಕೈಯೆಲ್ಲ ಮುಳ್ಳಿನ ಗೀರು, ಟೊಪ್ಪಿಗೆ ತುಂಬ ಕವಳಿ ಹಣ್ಣು. “ಹಣ್ಣು ಸಾಲೂದಿಲ್ಲ ಅಂದಿದ್ಯಲ್ಲ?”

“ಹಣ್ಣಂತೆ ಹಣ್ಣು!” ಎಂದು ಬೈಯುತ್ತಲೇ ಅಮ್ಮ ಕಣ್ಣೊರೆಸಿಕೊಂಡಳು. ಆ ಕರಿ ಕೇಕನ್ನು ಅಬ್ಬಾ ಚಾಕುವಿನಿಂದ ಕೆರೆದು ಕೆರೆದು ಪೂರ್ತಿ ತಿಂದರು.

ಈಗ ಓವನ್ ಟಿಣ್ ಎಂದಿತು. “ಆಯ್ತು ನಾನೀ, ತೆಗೀಲಾ?” ಎಂದು ಮೊಮ್ಮಗಳು ಕೇಳುತ್ತಿದ್ದಾಳೆ.

ನಾನು ಹೊರಬಾಗಿಲ ಕಡೆ ನೋಡುತ್ತಿದ್ದೇನೆ.