ದಾರಕ್ಕೆ ಕಟ್ಟಿದ ಥರ್ಮಾಮೀಟರ್

ಮೇ ಹನ್ನೆರಡು, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಕುರುಗೋಡು ರಸ್ತೆಯ ಕೋಲ್ಡ್ ಸ್ಟೋರೇಜಿನ ಮುಂದೆ ಹಾಜರಿದ್ದವರು ಮೂವರು: ಅಲ್ಲಿನ ಆಪರೇಟರ್, ಮೆಣಸಿನಕಾಯಿ ಚೀಲಗಳನ್ನು ಒಳಗಿಟ್ಟಿದ್ದ ಕುರುಗೋಡಿನ ರೈತ ಹೆಣ್ಣುಮಗಳು, ಮತ್ತು ನಾನು. ಹಡಗುಗಳ ಶೀತಲ ಯಂತ್ರ ನೋಡಿಕೊಂಡು ನಿವೃತ್ತನಾಗಿ ಬಳ್ಳಾರಿಯಲ್ಲಿರುವ ನನ್ನನ್ನು ಆಪರೇಟರ್ ಫೋನ್ ಮಾಡಿ ಕರೆಸಿದ್ದ. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಜನರೇಟರೂ ಕೈಕೊಟ್ಟಿತ್ತು, ಮೆಕ್ಯಾನಿಕ್ ಸಿರುಗುಪ್ಪದಿಂದ ಬರಬೇಕಿತ್ತು.

"ಬಾಗ್ಲ ತಗೀರಿ, ಒಂದು ಚೀಲ ಮುಟ್ಟಿ ನೋಡ್ತೀನಿ," ಎಂದಳು ಆಕೆ. "ನಾಳೆ ಮುಂಜಾನಿ ವ್ಯಾಪಾರಿ ಬರ್ತಾನ. ಕಾಯಿ ಹಸಿ ಆಗಿದ್ರ ಹಂಗ ಹೊಳ್ಳಿ ಹೋಗ್ತಾನ. ವರ್ಷದ ಬೆಳಿ ಎಲ್ಲಾ ಒಳಗೈತ್ರಿ."

"ತಗದ್ರನ ಕೆಡತೈತಿ ತಾಯಿ. ಈ ಬಿಸಿಗಾಳಿ ಒಳಗ ಹೊಕ್ಕರ ತಣ್ಣನ ಕಾಯಿ ಬೆವರತಾವ."

ಹೇಳಿದೆನೇ ಹೊರತು ಒಳಗೆ ಎಷ್ಟು ಡಿಗ್ರಿ ಇದೆಯೆಂದು ನನಗೂ ಗೊತ್ತಿರಲಿಲ್ಲ. ಅದನ್ನು ತೋರಿಸುವ ಬೋರ್ಡು ಕರೆಂಟಿಲ್ಲದೆ ಆರಿಹೋಗಿತ್ತು. ಬಾಗಿಲಿನಿಂದ ಗೇಟಿಗೆ, ಗೇಟಿನಿಂದ ಬಾಗಿಲಿಗೆ ಓಡಾಡಿದೆ.

ನನಗೆ ಕೆಲಸ ಕಲಿಸಿದ ಹಿರಿಯರು ಮೊದಲು ದುಡಿದದ್ದು ಕಳೆದ ಶತಮಾನದ ಆರಂಭದಲ್ಲಿ ಕಟ್ಟಿದ ಉಗಿ ಹಡಗಿನಲ್ಲಿ. ಅದು ಆಸ್ಟ್ರೇಲಿಯಾದ ಕುರಿಮಾಂಸ, ಬೆಣ್ಣೆ, ಸೇಬು ಹೊತ್ತು ವಾರಗಟ್ಟಲೆ ಇಂಗ್ಲೆಂಡಿನ ಕಡೆಗೆ ಸಾಗುತ್ತಿತ್ತು. ಸರಕಿನ ಕೋಣೆಯ ಗೋಡೆಗಳಿಗೆ ಬೆಂಡು ತುಂಬಿ, ತಣ್ಣನೆಯ ಉಪ್ಪುನೀರಿನ ಕೊಳವೆ ಹಾಯಿಸಿದ್ದರು. ಒಮ್ಮೆ ಮುಚ್ಚಳ ಹಾಕಿದರೆ ದಡ ಮುಟ್ಟುವ ತನಕ ತೆರೆಯುವಂತಿಲ್ಲ. ಡೆಕ್ಕಿನಿಂದ ಒಳಕ್ಕೆ ಸಣ್ಣ ಕೊಳವೆಗಳಿದ್ದವು. ನಾಲ್ಕು ಗಂಟೆಗೊಮ್ಮೆ ದಾರ ಕಟ್ಟಿದ ಥರ್ಮಾಮೀಟರನ್ನು ಅವುಗಳಲ್ಲಿ ಇಳಿಸಿ, ಎತ್ತಿ, ಓದಿ, ಬರೆದಿಡಬೇಕು. ಸಮಭಾಜಕದ ಸೆಕೆಯಲ್ಲಿ ಯಂತ್ರ ನಿಂತ ದಿನ, ಇಣುಕಲು ಬಂದವರನ್ನು ತಡೆಯಲು ಅಲ್ಲಿನ ಇಂಜಿನಿಯರ್ ಮುಚ್ಚಳದ ಮೇಲೆಯೇ ಕೂತುಬಿಟ್ಟಿದ್ದರಂತೆ.

ಇದನ್ನು ಹೇಳುತ್ತ ಗೋಡೆ ನೋಡಿದೆ. ಹಿಂದೆ ಕೇಬಲ್ ಹಾಯಿಸಿದ್ದ ತೂತೊಂದಕ್ಕೆ ಬಟ್ಟೆ ತುರುಕಿದ್ದರು. ಆಪರೇಟರ್ ಗಾಜಿನ ಥರ್ಮಾಮೀಟರ್ ತಂದ. ಆಕೆ ಗೋಣಿ ಹೊಲಿಯುವ ದಾರ ಕೊಟ್ಟಳು. ಹೊರಗೆಳೆಯುವಾಗ ಪಾದರಸ ಏರದಂತೆ ಬುಡಕ್ಕೆ ಬಟ್ಟೆ ಸುತ್ತಿ, ಕೋಲಿನಿಂದ ಒಳಕ್ಕೆ ತಳ್ಳಿದೆ.

ಹತ್ತಕ್ಕೆ ಆರು ಡಿಗ್ರಿ. ಆಪರೇಟರನ ಪುಸ್ತಕದಲ್ಲಿ ಬರೆದುಕೊಂಡೆ.

"ಇನ್ನೊಮ್ಮೆ ಎಳೀರಿ."

"ತಾಸಿಗೆ ಒಂದ ಸಲ, ಅಷ್ಟ."

ಹನ್ನೊಂದಕ್ಕೂ ಆರು. ಹನ್ನೊಂದು ನಲವತ್ತಕ್ಕೆ ನನ್ನ ಕೈ ತಾನಾಗಿಯೇ ದಾರಕ್ಕೆ ಹೋಯಿತು.

"ಯಜಮಾನ್ರ, ಇನ್ನಾ ಇಪ್ಪತ್ತು ನಿಮಿಷ ಐತಿ! ನನಗ ಬುದ್ಧಿ ಹೇಳಿ ನೀವ ಕೈ ಹಾಕ್ತೀರಲ್ಲ?" ಎಂದವಳೇ ಆಪರೇಟರನ ಕುರ್ಚಿ ಎಳೆದು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. "ಹಡಗಿನ್ಯಾಗ ಕುಂತಾರಂತಲ್ಲ, ನಾನೂ ಕುಂತೀನಿ. ನಿಮ್ಮನ್ನೂ ಒಳಗ ಬಿಡಂಗಿಲ್ಲ."

ಆಪರೇಟರ್ ನಕ್ಕ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

ಒಂದಕ್ಕೆ ಏಳು, ಎರಡಕ್ಕೆ ಎಂಟು. ಆಕೆ ಸೆರಗಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಕೂತಳು. ಎರಡೂ ಮುಕ್ಕಾಲಿಗೆ ಮೆಕ್ಯಾನಿಕ್ ಬಂದ. ಮೂರೂವರೆಗೆ ಜನರೇಟರ್ ಗುಡುಗಿತು. ಆಕೆ ಏಳಹೋಗಿ, ನನ್ನ ಮುಖ ನೋಡಿ, ಮತ್ತೆ ಕೂತಳು. ಮತ್ತೆ ಆರು ಡಿಗ್ರಿಗೆ ಇಳಿಯುವವರೆಗೆ ಬಾಗಿಲು ತೆರೆಯುವುದಿಲ್ಲವೆಂದು ನಾನು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

ಐದೂವರೆಗೆ ಆರು. ಯಂತ್ರ ಓಡುತ್ತಿದ್ದುದರಿಂದ, ಹೊಕ್ಕ ಗಾಳಿಯನ್ನು ಅದು ತಣಿಸುತ್ತದೆಂದು, ಆಗ ಗಳಿಗೆ ಹೊತ್ತು ಬಾಗಿಲು ತೆರೆದೆವು. ಆಕೆ ತನ್ನ ಚೀಲದೊಳಕ್ಕೆ ಮೊಣಕೈವರೆಗೆ ಕೈ ಇಳಿಸಿ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದಳು. ಒಳಗಿನ ಬೀಜ ಗಲಗಲ ಎಂದಿತು.

"ಒಣಗೇ ಐತ್ರಿ!" ಎಂದು ಹೊರಗೋಡಿ ಬಂದಳು. "ಲಗೂನ ಬಾಗ್ಲ ಹಾಕ್ರಿ, ಗಾಳಿ ಹೊಕ್ಕಾತು."

ಬಾಗಿಲು ಹಾಕಿದೆ. ದಾರ ಎಳೆದು ಸುತ್ತಿ ಆಕೆಗೆ ಕೊಟ್ಟೆ. ತೂತಿಗೆ ಬಟ್ಟೆ ತುರುಕಿ, ಕೊನೆಯ ಅಂಕಿಯನ್ನು ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.