ಹುಣಸಿನೀರಿಗೆ ಬಿದ್ದ ನೂರು ತೋಟಾ

ನಾನು ಓದಿದ್ದು ಏಳನೇ ಇಯತ್ತೆ. ಆದರೆ ಶಹಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಲೇತ್ ಅಂಗಡಿ ನನ್ನ ಸ್ವಂತದ್ದು. ಅಳತೆ ತಪ್ಪಿತು ಅಂತ ಇವತ್ತಿನವರೆಗೆ ಯಾರೂ ಸಾಮಾನು ವಾಪಸ್ ತಂದಿಲ್ಲ. ಈ ಮಾತನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಅದು ಸುರಪುರದ ತನಕ ಮುಟ್ಟಿರಬೇಕು. ಅಲ್ಲಿ ಲೈಸೆನ್ಸಿನ ಶೂಟಿಂಗ್ ರೇಂಜ್ ನಡೆಸುವ ರಿಟೈರ್ ಸುಬೇದಾರ ಸಾಹೇಬರು ಒಂದು ಬೆಳಿಗ್ಗೆ ಬಂದು ನನ್ನ ಮುಂದೆ ಡಬ್ಬಿ ತೆರೆದರು. ಎಣಿಸಿ ನೂರು ಖಾಲಿ ತೋಟಾ. ರೈಫಲ್ಲಿನಿಂದ ಗುಂಡು ಹಾರಿದ ಮೇಲೆ ಉಳಿಯುತ್ತದಲ್ಲ, ಆ ಹಿತ್ತಾಳೆ ಕೊಳವೆ. ಹಾರಿಸಿದಾಗೆಲ್ಲ ಅದು ಕುತ್ತಿಗೆಯಲ್ಲಿ ಜಗ್ಗಿ ಉದ್ದವಾಗುತ್ತದೆ, ಒಂದು ಇಷ್ಟು, ಇನ್ನೊಂದು ಅಷ್ಟು. ಎಲ್ಲವೂ ಒಂದೇ ಉದ್ದ ಇದ್ದರೆ ಗುರಿ ಕೂಡುತ್ತದೆ. ಮತ್ತೆ ಮದ್ದು, ಗುಂಡು ತುಂಬುವ ಕೆಲಸ ಅವರದು, ಅವರ ಬೀಗದ ಕೋಣೆಯಲ್ಲಿ. ಹಿತ್ತಾಳೆಯಷ್ಟೇ ನನ್ನದು.

"ಇಷ್ಟ್ ದಿನ ಹೈದರಾಬಾದಿಗೆ ಕಳಸ್ತಿದ್ದೆ, ಮಿಸ್ತ್ರಿ. ನಿನ್ನ ಕೈಲೆ ಆದ್ರ ಇನ್ಮ್ಯಾಲ ಎಲ್ಲಾ ನಿನಗ. ಆಗ್ಲಿಲ್ಲಂದ್ರ ಇದ ಕಡೀದು."

"ಹೈದರಾಬಾದಿನವ್ರು ಏನ್ ಬ್ಯಾರೆ ಅನ್ನ ಉಣ್ತಾರೇನ್ರಿ?" ಅಂದೆ.

ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಒಂದೊಂದನ್ನೇ ಲೇತಿಗೆ ಹಿಡಿದು, ಬಾಯಿ ಕೂದಲೆಳೆಯಷ್ಟು ತೆಗೆದು, ಅಂಚು ಬೆರಳಿಗೆ ಹತ್ತದಂತೆ ನಯ ಮಾಡಿ, ಅಳೆಯುವ ವರ್ನಿಯರ್ ಹಚ್ಚಿದರೆ ಅದೇ ಅಂಕಿ. ಮುಂದಿನದಕ್ಕೂ ಅದೇ. ನಲವತ್ತನೆಯದಕ್ಕೆ ಬರುವಷ್ಟರಲ್ಲಿ ಒಬ್ಬನೇ ನಗುತ್ತಿದ್ದೆ. ಚಹಾ ತಂದವನನ್ನು ಹಿಡಿದು ಕೂಡಿಸಿ ಹನ್ನೊಂದು ತೋಟಾ ಅಳೆದು ತೋರಿಸಿದೆ.

"ಎಲ್ಲಾ ಒಂದ ಅದಾವಲ್ರಿ, ಇದರಾಗೇನ್ ನೋಡೂದು?"

"ಅದನ್ನ ನೋಡೂದು" ಅಂದೆ.

ಇನ್ನು ಮಸಿ ತೆಗೆಯುವುದಷ್ಟೇ ಉಳಿದಿತ್ತು. ಮನೆಗೆ ಒಯ್ದಾಗ ಹೆಂಡತಿ ನೋಡಿದಳು. "ಇಂಥಾ ಕರೀ ಮಾರಿ ಇವನ್ನ ಸಾಹೇಬ್ರ ಮುಂದ ಇಡ್ತೀರೇನ್ರಿ? ಹುಣಸಿಹಣ್ಣು ಹಚ್ಚಿ ಉಜ್ಜರಿ."

ನಮ್ಮ ಮನೆಯ ಕೊಡ, ತಂಬಿಗೆ, ದೀಪದ ಸಮೆ ಎಲ್ಲ ಹೊಳೆಯುವುದು ಹುಣಸೆಹಣ್ಣಿಗೇ. ಆದರೆ ತೋಟಾದ ಒಳಗೆ ಬೆರಳು ಹೋಗುವುದಿಲ್ಲ. ಆಗ ನನ್ನ ಬುದ್ಧಿ ಓಡಿತು. ಗಟ್ಟಿ ಹುಣಸಿನೀರು ಕಿವುಚಿ, ಮುಷ್ಟಿ ಉಪ್ಪು ಹಾಕಿ, ನೂರನ್ನೂ ಮುಳುಗಿಸಿ, ಶಿಳ್ಳೆ ಹಾಕುತ್ತ ಯಾದಗಿರಿಗೆ ಹೋದೆ. ಬಂದದ್ದು ಮರುದಿನ ಮಧ್ಯಾಹ್ನ.

ಸೋಸಿದೆ. ಎಲ್ಲವೂ ಗುಲಾಬಿ ಬಣ್ಣ.

"ಮದುಮಗಳ ಗಲ್ಲ ಆದಂಗ ಆಗ್ಯಾವಲ್ರಿ" ಅಂದಳು ಅವಳು. ನಾನು ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಹುಳಿ ಹಿತ್ತಾಳೆಯೊಳಗಿನ ಸತುವನ್ನು ತಿಂದು ತಾಮ್ರ ಬಿಟ್ಟಿತ್ತು. ಇನ್ನು ಇವುಗಳಲ್ಲಿ ಜೀವವಿಲ್ಲ. ಅಂಗಡಿಗೆ ಒಯ್ದು ಒಂದನ್ನು ಪಾಲಿಶ್ ಚಕ್ರಕ್ಕೆ ಹಿಡಿದೆ. ಅರ್ಧ ನಿಮಿಷಕ್ಕೆ ಹಳದಿಯಾಯಿತು. ನೂರನ್ನೂ ಹೀಗೆ ಮಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇದು ಸಿಡಿಯುವುದು ಗುರಿ ಹಿಡಿದವರ ಗಲ್ಲದ ಪಕ್ಕದಲ್ಲಿ. ಚಕ್ರ ನಿಲ್ಲಿಸಿ, ಡಬ್ಬಿ ಕಟ್ಟಿಕೊಂಡು ಸುರಪುರದ ದಾರಿ ಹಿಡಿದೆ.

ಸಾಹೇಬರು ಒಂದನ್ನು ಇಕ್ಕಳದಿಂದ ಅಮುಕಿದರು. ಒಣ ಹಪ್ಪಳದಂತೆ ಸೀಳಿತು.

"ಏನ್ ಹಾಕಿದ್ದಿ ಇದಕ್ಕ?"

"ಹುಣಸಿಹಣ್ಣ್ರಿ. ಉಪ್ಪು."

"ಬಳ್ಳೊಳ್ಳಿ ಒಗ್ಗರಣಿ?"

"ಅದೊಂದ ಮರತೆ ನೋಡ್ರಿ."

ಅವರು ನಗಲಿಲ್ಲ. ವರ್ನಿಯರ್ ತೆಗೆದು ಒಂದು ಅಳೆದರು, ಇನ್ನೊಂದು ಅಳೆದರು. ಕನ್ನಡಕ ಒರೆಸಿಕೊಂಡು ಮತ್ತೆ ಹತ್ತು ಅಳೆದರು. ಆಮೇಲೆ ನನ್ನ ಕೈಗೆ ಸುತ್ತಿಗೆ ಕೊಟ್ಟರು. ಯಾರೂ ತಪ್ಪಿ ತುಂಬಬಾರದೆಂದು ನೂರನ್ನೂ ನಾನೇ ಬಡಿದು ಚಪ್ಪಟೆ ಮಾಡಬೇಕು, ಅವರು ಎಣಿಸಬೇಕು. ಅಷ್ಟು ಚಂದ ಕೂಡಿಸಿದ ಅಳತೆಯನ್ನು ನನ್ನ ಕೈಯಿಂದಲೇ ಜಜ್ಜಿದೆ. ನೂರನೆಯದು ಮುಗಿದಾಗ ಸಾಹೇಬರ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು.

"ಕೈ ಬರೋಬ್ಬರಿ ಐತಿ, ಮಿಸ್ತ್ರಿ. ಹೈದರಾಬಾದಿನವ್ರಿಗೆ ಇಷ್ಟು ಕೂಡಿರಲಿಲ್ಲ." ಒಳಗೆ ಹೋಗಿ ಇನ್ನೂರರ ಡಬ್ಬಿ ತಂದಿಟ್ಟರು. "ಈ ಸಲ ಬರೇ ಬಿಸಿನೀರು. ಹುಳಿ ಸಾರಿಗಿರಲಿ."

ಶಹಾಪುರದ ತನಕ ಡಬ್ಬಿ ಬೈಕಿನ ಟ್ಯಾಂಕಿನ ಮೇಲೆ ಗಲ್ ಗಲ್ ಅನ್ನುತ್ತಿತ್ತು, ನಾನೂ ಅದಕ್ಕೆ ದನಿ ಕೂಡಿಸುತ್ತಿದ್ದೆ. ದಾರಿಯಲ್ಲಿ ಸಿಕ್ಕ ಎಮ್ಮೆಗಳಿಗೂ ಕೈ ಎತ್ತಿದೆ.

"ಏನಂದ್ರು?" ಬಾಗಿಲಲ್ಲೇ ಕೇಳಿದಳು.

"ಕೆಲಸ ನಂದ. ನಿನ್ನ ಹುಣಸಿಹಣ್ಣು ಮಾತ್ರ ಅಡಿಗಿಮನಿ ದಾಟಬಾರದಂತ."

"ನಾ ಉಜ್ಜರಿ ಅಂದಿದ್ದೆ" ಅಂದಳು. "ಉಪ್ಪಿನಕಾಯಿ ಹಾಕರಿ ಅಂದಿದ್ನೇನು?"