ಗೇಟಿನ ಮೊಳೆ ಕಂಡ ಬಿಸಿಲು

ಯಜಮಾನರು ಹೋದ ಮೇಲೆ ಬಿಳೇಕಹಳ್ಳಿಯ ನಮ್ಮ ವಠಾರದಲ್ಲಿ ನನಗೆ ಜೊತೆಯಾದವಳು ದಾನಮ್ಮ. ಮುದ್ದೇಬಿಹಾಳದ ಕಡೆಯವಳು. ಊರಲ್ಲಿ ಬಯಲಲ್ಲಿ ನಿಂತು ಹತ್ತಿ ಬಿಡಿಸುತ್ತಿದ್ದ ಹೆಂಗಸು, ಇಲ್ಲಿ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಬೆಳಗ್ಗೆ ಒಳಗೆ ಹೋದರೆ ಹೊರಗೆ ಬರುವುದು ಕತ್ತಲಾದ ಮೇಲೆ. ಅವಳು ಕೂತು ಹೊಲಿಯುವ ಹಾಲ್‌ನ ಕಿಟಕಿಗಳಿಗೆಲ್ಲ ಹಲಗೆ ಹೊಡೆಸಿದ್ದರು. ಹೆಂಗಸರು ಹೊರಗೆ ನೋಡುತ್ತಾ ಕೈ ನಿಲ್ಲಿಸುತ್ತಾರಂತೆ!

ದಾನಮ್ಮನಿಗೆ ನಿದ್ದೆ ಕೆಟ್ಟಿತು. "ಯವ್ವಾ, ನನಗ ಹಗಲ್ಯಾವ್ದು, ರಾತ್ರಿ ಯಾವ್ದು ತಿಳಿವಲ್ದಾಗೇತಿ" ಎನ್ನುತ್ತಿದ್ದಳು.

2006ರಲ್ಲಿ ಯಾವುದೋ ಕಾಲೇಜಿನಿಂದ ಜಯಶೀಲಾ ಮೇಡಂ ಬಂದು, ಆ ಹಾಲ್‌ನಲ್ಲಿ ಹೊಲಿಯುವ ಹೆಂಗಸರ ಕೈಗೆ ವಾಚಿನಂಥದ್ದೊಂದನ್ನು ಕಟ್ಟಿದರು. ಮೈಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂದು ಅದು ಅಳೆಯುತ್ತದಂತೆ. ವಾರವಿಡೀ ಬಿಚ್ಚಬಾರದು. ಬೆಳಕು ಸಾಲದೆಂದು ಬಂದರೆ ಹಲಗೆ ತೆಗೆಸುತ್ತೇನೆ ಎಂದು ಮ್ಯಾನೇಜರ್ ಒಪ್ಪಿದ. ದಾನಮ್ಮ ಸ್ನಾನ ಮಾಡುವಾಗಲೂ ಕೈ ಎತ್ತಿ ಹಿಡಿದುಕೊಳ್ಳುತ್ತಿದ್ದಳು.

ವಾರ ಕಳೆದು ಬಂದ ಕಾಗದದಲ್ಲಿ ಏನಿತ್ತು? ಹಗಲೆಲ್ಲ ಒಳ್ಳೆ ಬಿಸಿಲು! ಎಲ್ಲರದೂ ಹಾಗೆಯೇ.

"ಹೊಲದಲ್ಲಿ ಕೂತಂಗೆ ಕೂತಿದೀರಲ್ಲಮ್ಮ, ಇನ್ನೇನ್ ಬೇಕು?" ಎಂದು ಮ್ಯಾನೇಜರ್ ನಕ್ಕನಂತೆ.

ನನಗೆ ನಂಬಿಕೆ ಬರಲಿಲ್ಲ. "ಅದು ಕೈಯಲ್ಲೇ ಇತ್ತೇನೇ?" ಎಂದೆ.

"ಒಳಗ ವಾಚ್ ಕಟ್ಟಂಗಿಲ್ಲಲ್ಲ ಯವ್ವಾ, ಟೈಮ್ ನೋಡ್ತೀವಂತ. ಗೇಟಿನಾಗ ಸೆಕ್ಯೂರಿಟಿ ಬಿಚ್ಚಿಸಿ ಮೊಳಿಗೆ ತೂಗ್ ಹಾಕ್ತಾನ. ಇದನ್ನೂ ಹಾಕಿದ."

"ಮೇಡಂಗೆ ಹೇಳ್ಬಾರ್ದಾಗಿತ್ತಾ?"

"ದಿನಾ ಎಲ್ಲಾರೂ ಬಿಚ್ತೀವಿ. ಅವರಿಗೆ ಗೊತ್ತೈತಿ ಅಂದ್ಕೊಂಡೆ."

ಮರುದಿನವೇ ಮೇಡಂಗೆ ಫೋನ್ ಮಾಡಿಸಿ, ಅವರ ಜೊತೆ ನಾನೂ ಗಾರ್ಮೆಂಟ್ಸಿಗೆ ಹೋದೆ. ಮೇಡಂ ಮುಖ ಸಣ್ಣದಾಯಿತು. "ಇನ್ನೊಂದ್ ವಾರ ಕಟ್ಟೋಣ ಸಾರ್, ಒಳಗೂ ಇರ್ಲಿ" ಎಂದರು.

"ರಿಸಲ್ಟ್ ಬಂದಾಯ್ತಲ್ಲ ಮೇಡಂ. ಒಳಗೆ ವಾಚ್ ಬಿಡೋಕಾಗಲ್ಲ. ರೂಲ್ಸ್ ಅಂದ್ರೆ ರೂಲ್ಸು" ಎಂದ ಮ್ಯಾನೇಜರ್.

ದಾನಮ್ಮ ಅಲ್ಲೇ ನಿಂತಿದ್ದಳು. "ಬಿಸಿಲು ಉಂಡಿದ್ದು ಮೊಳಿ ಅಲ್ಲೇನ್ರೀ ಸಾರ್? ಕಾಲರ್ ಹೊಲಿಯಾಕ ಅದಕ್ಕ ಹೇಳ್ರಿ!"

ಹೆಂಗಸರೆಲ್ಲ ನಕ್ಕುಬಿಟ್ಟರು. ಅದೇ ತಪ್ಪಾಯಿತು. ನಾಳೆಯಿಂದ ಬರಬೇಡ ಎಂದು ಮ್ಯಾನೇಜರ್ ದಾನಮ್ಮನಿಗೆ ಹೇಳಿಬಿಟ್ಟ. ಮೇಡಂ ಎಷ್ಟು ಕೇಳಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಕು ಕೇಳಿದ್ದಕ್ಕೆ ಕೆಲಸ ಕಿತ್ತುಕೊಳ್ಳುವ ಇವನು ಎಂಥ ಮನುಷ್ಯ!

ಆಮೇಲೆ ಬಾಕಿ ಸಂಬಳಕ್ಕೆಂದು ಅವಳ ಜೊತೆ ಹೋದಾಗ ಅವನ ಆಫೀಸು ನೋಡಿದೆ. ಬೆಳಕು ಬೇಕಾದಷ್ಟಿದೆ ಎನ್ನುವ ಆ ಕಾಗದಕ್ಕೆ ಕಟ್ಟು ಹಾಕಿಸಿ, ಬಂದವರಿಗೆಲ್ಲ ಕಾಣುವ ಹಾಗೆ ಗೋಡೆಗೆ ಹಾಕಿದ್ದಾನೆ. ಪಕ್ಕದಲ್ಲೇ ಇರುವ ಆ ಹಾಲ್‌ನ ಕಿಟಕಿಯ ಹಲಗೆಗಳು ಒಂದೂ ಅಲುಗಿಲ್ಲ.